ಲಿಫ್ಟ್ ಕರೆಯುವ ಜಾಗ

ಬಾಗಿಲಲ್ಲಿ ಬೂಟು ಬಿಚ್ಚಲು ಬಗ್ಗಿದವನ ಕೋಟು ಬೆನ್ನ ಮೇಲೆ ಪರ್ರನೆ ಹರಿಯಿತು.

ಒಳಗೆ ಜನ ಪಿಸುಮಾತಾಡುತ್ತ ಕೂತಿದ್ದರು. ಕೋಟು ಹರಿದ ಸದ್ದನ್ನು ಮೊದಲು ಗುರುತಿಸಿದವಳು ಸತ್ತವನ ಹೆಂಡತಿ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಕೂತು ಹರಿದ ಹೊದಿಕೆ, ರೋಗಿಗಳ ಅಂಗಿ ಹೊಲಿಯುತ್ತಲೇ ಆಯಸ್ಸು ಕಳೆದವಳು. ಬೆಳಗಿನಿಂದ ಯಾರು ಬಂದರು, ಯಾರು ಏನು ಹೇಳಿದರು, ಒಂದೂ ಅವಳ ತಲೆಗೆ ಹೋಗಿರಲಿಲ್ಲ. ಈ ಸದ್ದು ಮಾತ್ರ ಹೋಯಿತು. ಹೊಲಿಗೆ ಬಿಟ್ಟದ್ದಲ್ಲ, ಬಟ್ಟೆಯೇ ಹರಿದದ್ದು ಅಂದುಕೊಂಡಳು.

ನೆಟ್ಟಗಾದವನಿಗೆ ಅರವತ್ತು ದಾಟಿತ್ತು. ಕೋಟು ಬೆಳ್ಳಿ ಬಣ್ಣದ್ದು, ಮಿರಮಿರ ಹೊಳೆಯುವಂಥದ್ದು; ಸಾವಿನ ಮನೆಗೆ ಯಾರೂ ತೊಟ್ಟು ಬರುವಂಥದ್ದಲ್ಲ. ಅವನ ಹಿಂದೆ ನೆರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ದಪ್ಪನೆಯ ಹೆಂಗಸು. ಅವಳ ಕಂಕುಳಲ್ಲಿ ಹಳೆಯದೊಂದು ಟೇಪ್ ರೆಕಾರ್ಡರ್.

"ಗುಡುಗಪ್ಪನ ಮನೆ ಇದೇ ಅಲ್ವಾ?" ಅಂದ ಕೋಟಿನವನು.

ಹೆಂಡತಿಯ ತಮ್ಮ ಎದ್ದು ಹೋದ. "ಯಾವ ಗುಡುಗಪ್ಪ? ಮನೆ ತಪ್ಪಿ ಬಂದಿದ್ದೀರಿ. ಇವ್ರು ನಮ್ಮ ಭಾವ, ಲಿಫ್ಟ್ ರಿಪೇರಿ ಮಾಡೋರು. ಕಾಲ್ಮೇಲೆ ಸುತ್ತಿಗೆ ಬಿದ್ರೂ ಹಾ ಅಂದೋರಲ್ಲ."

ಹೆಂಗಸು ತಮ್ಮನ ಹೆಗಲ ಮೇಲಿಂದ ಇಣುಕಿ ಶವಪೆಟ್ಟಿಗೆಯಲ್ಲಿದ್ದ ಮುಖವನ್ನು ನೋಡಿದಳು. "ಇವನೇ ಕಣೋ," ಅಂದಳು. "ಕೂದಲು ಹೋಗಿದೆ ಅಷ್ಟೆ. ಕಿವಿ ಅವೇ."

ತಮ್ಮ ತಿರುಗಿ, "ಅಕ್ಕ, ಯಾರಿವ್ರು?" ಅಂದ.

"ನಂಗೇನು ಗೊತ್ತು?" ಅಂದಳು ಅವಳು. ಆಮೇಲೆ ಕೋಟಿನವನಿಗೆ, "ಬಿಚ್ಚಿ ಕೊಡಿ ಇಲ್ಲಿ. ಬೆನ್ನೆಲ್ಲಾ ಕಾಣ್ತಿದೆ."

"ಅಮ್ಮಾ, ಈಗ ಹೊಲೀತಾ ಕೂತ್ಕೋತೀಯಾ?" ಅಂದಳು ಮಗಳು.

"ವ್ಯಾನು ಬರೋಕೆ ಇನ್ನೂ ಅರ್ಧ ಗಂಟೆ ಇದೆ. ಅಲ್ಲಿವರೆಗೆ ಈ ಕೈಯನ್ನ ಎಲ್ಲಿಡ್ಲಿ ಹೇಳು?"

ಸೂಜಿದಾರ ತೆಗೆದು, ಸೂಜಿ ಚುಚ್ಚದ ಹಾಗೆ ಬೆರಳ ತುದಿಗೆ ಹಿತ್ತಾಳೆಯ ಟೊಪ್ಪಿ ಸಿಕ್ಕಿಸಿಕೊಂಡು ಕೋಟನ್ನು ತೊಡೆಯ ಮೇಲೆ ಹರವಿದಳು. ಬಟ್ಟೆಯನ್ನು ಹೆಬ್ಬೆರಳಿನಿಂದ ಎರಡು ಸಲ ಉಜ್ಜಿದಳು.

"ಈ ಬಟ್ಟೆ ನಮ್ಮನೇಲೂ ಇದೆಯಲ್ಲ," ಅಂದಳು.

"ಇರ್ಲೇಬೇಕು. ಒಂದೇ ಬಟ್ಟೆಯ ತಾನಿನಲ್ಲಿ ಮೂರು ಕೋಟು ಹೊಲಿಸಿದ್ವಿ," ಅಂದ ಅವನು. "ನಮ್ದು ಮೂರೇ ಜನದ ಬ್ಯಾಂಡು. ನಾನು ಹಾಡ್ತಿದ್ದೆ, ಇವಳು ಡ್ರಮ್ಮು, ಇವನು ಸಿಂತ್. ಕರೆಂಟಿನ ಕೀಬೋರ್ಡು. ಎಡಗೈ ಇಟ್ಟ ಅಂದ್ರೆ ಕಿಟಕಿ ಗಾಜು ನಡುಗೋದು. ಅದಕ್ಕೇ ಗುಡುಗಪ್ಪ."

ಕೂತವರು ಪೆಟ್ಟಿಗೆಯತ್ತ ಒಮ್ಮೆ, ಕೋಟಿನತ್ತ ಒಮ್ಮೆ ನೋಡಿದರು.

"ನಂಗೆ ಮೆಷಿನ್ನಿನ ಥರ ತಣ್ಣಗಿರೋ ಸಿಂತ್ ಪಾಪ್ ಬೇಕಿತ್ತು. ಇವಳಿಗೆ ಸೊಂಟ ಕುಣಿಸೋ ಫಂಕ್ ಬೇಕಿತ್ತು."

"ಅದೂ ಆಗ್ಲಿಲ್ಲ, ಇದೂ ಆಗ್ಲಿಲ್ಲ. ಎಡಬಿಡಂಗಿ," ಅಂದಳು ಡ್ರಮ್ಮಿನಾಕೆ. "ಹದಿನಾಲ್ಕು ತಿಂಗಳು, ಒಂಬತ್ತು ಕಾರ್ಯಕ್ರಮ, ಒಂದು ಕ್ಯಾಸೆಟ್ಟು. ಮುಗೀತು."

"ಯಾವಾಗ ಮುಗಿದಿದ್ದು?" ಎಂದು ಹೆಂಡತಿ ಕೇಳಿದಳು.

ಅವನು ವರ್ಷ ಹೇಳಿದ. ಅದು ಹೆಂಡತಿಯ ಮದುವೆಯಾದ ವರ್ಷ. ಸೂಜಿ ಬಟ್ಟೆಯೊಳಗೇ ನಿಂತಿತು.

"ಯಾಕೆ?"

"ಮದುವೆ ಗೊತ್ತಾಯ್ತು ಅಂದ, ಬಿಟ್ಟ," ಅಂದ ಹಾಡುಗಾರ.

"ಬಾಯಿಗೆ ಬಂದಿದ್ದು ಹೇಳ್ಬೇಡ. ನೀನೇ ಬೈದು ಓಡಿಸ್ದೆ," ಅಂದಳು ಡ್ರಮ್ಮಿನಾಕೆ.

"ಓಡಿಸಿದ್ದು ಮದುವೆ ಆದ್ಮೇಲೆ."

"ಮೊದ್ಲು!"

"ಹೌದಾ? ಮೊದ್ಲೋ, ಆಮೇಲೋ..." ಅವನು ಹಣೆ ಉಜ್ಜಿಕೊಂಡ. "ನೆನಪಿಲ್ಲ ತಾಯಿ."

ಹೆಂಡತಿಗೆ ಬೇಕಾದದ್ದು ಅದೊಂದೇ ಆಗಿತ್ತು. ತನ್ನನ್ನು ಕಟ್ಟಿಕೊಂಡು ಗಂಡ ಆ ಬ್ಯಾಂಡನ್ನು ಕಳೆದುಕೊಂಡನೋ ಇಲ್ಲವೋ ಎನ್ನುವುದು. ಕೇಳೋಣವೆಂದರೆ ಉತ್ತರ ಹೇಳಬೇಕಾದವನು ಮೂರು ಮಾರು ದೂರದಲ್ಲಿ ಕಣ್ಣು ಮುಚ್ಚಿ ಮಲಗಿದ್ದ.

*

ಮದುವೆಯಾದ ಹೊಸತು. ಟ್ರಂಕಿನ ತಳದಿಂದ ಗಂಡನೇ ತನ್ನ ಬೆಳ್ಳಿ ಕೋಟನ್ನು ತೆಗೆದಿದ್ದ.

"ಇಸ್ತ್ರಿ ಹಲಗೆಗೆ ಹೊದಿಸು. ಬಿಸಿ ತಡ್ಕೊಳ್ಳುತ್ತೆ."

"ಇಷ್ಟು ಚೆನ್ನಾಗಿರೋದನ್ನ ಕತ್ತರಿಸೋದಾ?"

"ಮತ್ತೆ ಎಲ್ಲಿಗೆ ಹಾಕ್ಕೊಂಡು ಹೋಗ್ಲಿ? ಗ್ರೀಸು ಹಚ್ಚೋಕಾ?"

ಸೀಮೆಸುಣ್ಣದಲ್ಲಿ ಅವನೇ ಗೆರೆ ಎಳೆದುಕೊಟ್ಟ. ಅವಳು ಕತ್ತರಿಸಿದಳು.

ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಈ ತುದಿಯಲ್ಲಿ ಅವಳ ಹೊಲಿಗೆ, ಆ ತುದಿಯಲ್ಲಿ ಅವನು, ಅವನ ಎಡಗೈ. ಬೆರಳು ಸದಾ ಕುಟ್ಟುತ್ತಿದ್ದವು: ಮೂರು ಸಲ, ಒಂದು ತಡೆ, ಎರಡು ಸಲ. ಮತ್ತೆ ಮೂರು. ಅವಳು ಅದರ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಬಿಟ್ಟೊಡನೆ ಶುರು.

"ಹೋಗ್ಲಿ, ನಡುವೆ ಯಾಕೆ ನಿಲ್ಲಿಸ್ತೀರಿ?" ಎಂದು ಒಮ್ಮೆ ಕೇಳಿದಳು.

"ಅಲ್ಲಿ ಯಾರೋ ಲಿಫ್ಟ್ ಕರೀತಾರೆ."

ಅವಳಿಗೆ ದಿಗಿಲಾಯಿತು. ಆಸ್ಪತ್ರೆಯ ನರದ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಬಿಳಿ ಮಾತ್ರೆ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು: ಬೆರಳು ಕುಟ್ಟುವುದು ನಿಲ್ಲಲಿಲ್ಲ, ಮನುಷ್ಯ ಮಾತ್ರ ಎರಡು ತಿಂಗಳು ತೂಕಡಿಸಿದ. ಆಮೇಲೆ ಅವಳೇ ಮಾತ್ರೆ ಎಸೆದಳು, ಕೈ ಒತ್ತುವುದನ್ನೂ ಬಿಟ್ಟಳು. ಗಡಿಯಾರದ ಸದ್ದಿನ ಹಾಗೆ ಅದೂ ಮನೆಯ ಸದ್ದಾಯಿತು.

ಒಮ್ಮೊಮ್ಮೆ, ಅವಳು ಕತ್ತರಿಯನ್ನು ಟಕ್ಕನೆ ಮೇಜಿನ ಮೇಲಿಟ್ಟಾಗ, ಅವನು ಇದ್ದಕ್ಕಿದ್ದ ಹಾಗೆ ನಗುತ್ತಿದ್ದ.

"ಏನು ನಗು?"

"ಸರಿಯಾದ ಹೊತ್ತಿಗೆ ಇಟ್ಟೆ ನೀನು."

"ಏನನ್ನ?"

"ಕತ್ತರೀನ."

ಗಂಡಂದಿರು ಹೀಗೇ ಏನಾದರೂ ಅನ್ನುತ್ತಿರುತ್ತಾರೆ ಎಂದು ಅವಳು ದಾರ ಕಚ್ಚಿ ಕತ್ತರಿಸುತ್ತಿದ್ದಳು.

*

"ಬರೀ ಹೊಲಿದ್ರೆ ನಿಲ್ಲಲ್ಲ, ತೇಪೆ ಬೇಕು," ಎಂದು ಅವಳು ಎದ್ದಳು. ಇಸ್ತ್ರಿ ಹಲಗೆ ತಂದು ಅದರ ಹೊದಿಕೆ ಬಿಚ್ಚಿದಳು. ಎಲ್ಲ ಕಡೆ ಸವೆದಿತ್ತು. ಗಟ್ಟಿಯಾಗಿದ್ದದ್ದು ಅಗಲದ ತುದಿಯ ಒಂದೇ ತುಂಡು. ಅದರ ನಟ್ಟನಡುವೆ, ಎಂದೋ ಇಸ್ತ್ರಿಪೆಟ್ಟಿಗೆ ಮರೆತಿಟ್ಟದ್ದರ ಕಂದು ಗುರುತು.

ಹಾಡುಗಾರ ಬಗ್ಗಿ ನೋಡಿದ. "ಇದು ಗುಡುಗಪ್ಪನ ಕೋಟು!"

"ನಾನೇ ಕತ್ತರಿಸಿದ್ದು," ಅಂದಳು. ಅವರಿಬ್ಬರೂ ಏನಾದರೂ ಅನ್ನಲಿ ಎಂದು ಕಾದಳು. ತುಂಡನ್ನು ಕೋಟಿನ ಬೆನ್ನಿಗಿಟ್ಟು ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ ಕೇಳಿದಳು:

"ಲಿಫ್ಟ್ ಯಾರು ಕರೀತಿದ್ರು?"

ಡ್ರಮ್ಮಿನಾಕೆ ನೆಟ್ಟಗೆ ಕೂತಳು. "ಅದನ್ನ ಹೇಳಿದ್ನಾ?"

"ಅದೊಂದೇ ಹೇಳಿದ್ದು."

"ಆಗಿನ್ನೂ ಕೆಲಸ ಕಲೀತಿದ್ದ. ಹತ್ತು ಮಹಡಿ ಕಟ್ಟಡ, ಮೇಲೆ ಲಿಫ್ಟಿನ ಮೋಟಾರು ಕೋಣೆ. ನಮ್ಮ ಅಭ್ಯಾಸ ಅಲ್ಲೇ. ಕೆಳಗೆ ಯಾರಾದ್ರೂ ಗುಂಡಿ ಒತ್ತಿದ್ರೆ ಮೋಟಾರು ಎಳ್ಕೊಳ್ಳೋದು, ಕರೆಂಟು ಇಳಿಯೋದು, ಕೀಬೋರ್ಡು ಒಂದೇಟು ಮೂಕ. ಮೊದ್ಲು ಬೈಕೊಂಡ್ವಿ. ಆಮೇಲೆ ಅದೇ ಚೆಂದ ಅನ್ನಿಸ್ತು. ಹಾಡಲ್ಲೇ ಆ ಜಾಗ ಬಿಟ್ವಿ."

"ದೊಡ್ಡ ಸಭಾಂಗಣದಲ್ಲಿ ಜನ ನಕ್ಕರು. ಮೆಷಿನ್ ಕೆಟ್ಟಿದೆ ಅಂತ," ಅಂದ ಹಾಡುಗಾರ. ಈಗ ಅವನ ದನಿ ತಗ್ಗಿತ್ತು. "ನಂಗೆ ಅವಮಾನ ಆಯ್ತು. ಅಲ್ಲೊಂದು ಏಟು ತುಂಬ್ಸು, ಖಾಲಿ ಬಿಡ್ಬೇಡ ಅಂದೆ. ಆಗಲ್ಲ ಅಂದ. ಅದಕ್ಕೇ ಬೈದಿದ್ದು."

"ಏನಂದ ಅಂತ ಪೂರ್ತಿ ಹೇಳು," ಅಂದಳು ಡ್ರಮ್ಮಿನಾಕೆ.

"'ಅದು ಖಾಲಿ ಅಲ್ಲ ಕಣೋ, ಅಲ್ಲಿ ಯಾರೋ ಬರ್ತಿದ್ದಾರೆ' ಅಂದ. ತಲೆಬುಡ ಇಲ್ಲದ ಮಾತು."

ಅವಳು ದಾರಕ್ಕೆ ಗಂಟು ಹಾಕಿದಳು. ಕೆಳಗೆ ವ್ಯಾನಿನ ಹಾರನ್ ಕೇಳಿಸಿತು.

ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಊರ ತುಂಬ ಲಿಫ್ಟ್ ಸರಿಮಾಡಿದವನನ್ನು ಮೂರು ಮಹಡಿ ಮೆಟ್ಟಿಲಲ್ಲಿ ಇಳಿಸಬೇಕಾಯಿತು. "ನಿಧಾನ! ಭಾವನ ತಲೆ, ತಲೆ!" ಎಂದು ತಮ್ಮ ತಿರುವು ತಿರುವಿಗೂ ಕೂಗಿದ. ಕೆಲಸವಿಲ್ಲದ ಲಿಫ್ಟ್ ಬಾಗಿಲು ತೆರೆದುಕೊಂಡು ನಿಂತಿತ್ತು.

ವ್ಯಾನಿನ ನಡುವೆ ಪೆಟ್ಟಿಗೆ. ಒಂದು ಕಡೆ ಅವಳು, ಮಗಳು. ಎದುರಿಗೆ ತಮ್ಮ, ಡ್ರಮ್ಮಿನಾಕೆ. ಹಾಡುಗಾರ ಮುಂದೆ ಡ್ರೈವರನ ಪಕ್ಕ, ಬೆಳ್ಳಿ ಬೆನ್ನನ್ನು ಇವರ ಕಡೆ ತಿರುಗಿಸಿಕೊಂಡು.

"ಹಾಕ್ಲಾ?" ಡ್ರಮ್ಮಿನಾಕೆ ಕೇಳಿದಳು.

"ಇಲ್ಲೆಲ್ಲಾ ಹಾಡು ಯಾಕೆ..." ಎಂದ ತಮ್ಮ.

"ಹಾಕಿ," ಅಂದಳು ಅವಳು.

ಟೇಪು ಕರಕರ ಅಂದಿತು. ಡ್ರಮ್ಮು, ಅದರ ಕೆಳಗೆ ಸೀಟನ್ನೇ ನಡುಗಿಸುವ ದಪ್ಪ ಸ್ವರ. ಮೂರು. ತಡೆ. ಎರಡು.

"ಅಮ್ಮಾ," ಮಗಳು ಅವಳ ತೋಳು ಹಿಡಿದಳು. "ಇದು ಅಪ್ಪನ ಮೇಜಿಂದು!"

ಅಮ್ಮನ ಕೈ ಪೆಟ್ಟಿಗೆಯ ಮೇಲಿತ್ತು. ಮತ್ತೆ ಮೂರು. ತಡೆ. ಎರಡು. ವ್ಯಾನು ತಿರುವು ಹಿಡಿಯಿತು. ಮೂರು.

ಟಕ್.

ಎರಡು.

ಡ್ರಮ್ಮಿನಾಕೆ ತಟ್ಟನೆ ರೆಕಾರ್ಡರನ್ನು ನೋಡಿದಳು. ಆಮೇಲೆ ಪೆಟ್ಟಿಗೆಯ ಮೇಲಿನ ಕೈಯನ್ನು. ತೆಗೆಯಲು ಮರೆತ ಹಿತ್ತಾಳೆ ಟೊಪ್ಪಿ ಇನ್ನೂ ಬೆರಳಲ್ಲೇ ಇತ್ತು. ಅದರ ಒಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮುಂದಿನ ಸೀಟಿನವನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು ತಾಳಕ್ಕೆ ಮೆಲ್ಲಗೆ ತೂಗುತ್ತಿತ್ತು.

ಮೂರು. ಟಕ್. ಎರಡು.