ಮಾತ್ರೆ ಯಾರ ಕೈಯಲ್ಲಿ

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜಾತಿ ನಮ್ಮದು. ಕೇಂದ್ರ ಸರ್ಕಾರದ ನೌಕರರ ಮಾತು ಹೇಳುತ್ತಿದ್ದೇನೆ. ತಿರುವನಂತಪುರಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು, ತಲೆನೋವಿನ ಮಾತ್ರೆಯನ್ನೂ ಅಂಗಡಿಯಲ್ಲಿ ಕೊಂಡವನಲ್ಲ. ಆಫೀಸಿನ ಡಿಸ್ಪೆನ್ಸರಿ ಇರುವಾಗ ಯಾಕೆ ಕೊಳ್ಳಬೇಕು?

ಕೊಚ್ಚಿಯಲ್ಲಿ ಓದುವ ಮಗ ಆಕರ್ಷ ಓಣಂ ರಜೆಗೆ ಬಂದಾಗ ಒಂದು ಖಾಲಿ ಮಾತ್ರೆಪಟ್ಟಿಯನ್ನು ನನ್ನ ಕೈಗಿಟ್ಟ. ನಿದ್ದೆ ಬರುವುದಿಲ್ಲ, ಮನಸ್ಸು ಸರಿಯಿಲ್ಲ, ಅಲ್ಲೊಬ್ಬ ಡಾಕ್ಟರಿಗೆ ತೋರಿಸುತ್ತಿದ್ದೇನೆ, ಇದನ್ನು ಹೊರಗಿನ ಅಂಗಡಿಯಲ್ಲೇ ತನ್ನಿ ಎಂದು ಮಲಯಾಳದಲ್ಲಿ ಹೇಳಿದ. ಹತ್ತೊಂಬತ್ತು ವರ್ಷದವನ ಮನಸ್ಸಿಗೇನು ರೋಗ ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಡಿಸ್ಪೆನ್ಸರಿಯಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲ. ಅವನು ಸ್ನಾನಕ್ಕೆ ಹೋದಾಗ ಬ್ಯಾಗಿನಿಂದ ಡಾಕ್ಟರ ಚೀಟಿ ತೆಗೆದುಕೊಂಡು ಹೊರಟೆ. ನಾನು ನೋಡಿದ್ದು ಮಾತ್ರೆಯ ಹೆಸರನ್ನಷ್ಟೇ. ಮೇಲಿನ ಎರಡು ಸಾಲನ್ನು ಓದಿದವನು ಮಾತ್ರೆ ಕೊಡುವ ಧರಣೇಂದ್ರ, ನಮ್ಮ ಕನ್ನಡ ಸಂಘದವನೇ.

"ವಿಠಲ್ ಸಾರ್, ಇದನ್ನ ನೀವು ಓದಿದೀರಾ?"

ಆಗ ಓದಿದೆ. ಮಗ ಪ್ರೀತಿಸುವುದು ಹುಡುಗರನ್ನು, ಮನೆಯಲ್ಲಿ ಹೇಳಿಲ್ಲ, ಗೊತ್ತಾದರೆ ಬದುಕಿರಲಾರೆ ಎನ್ನುತ್ತಾನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾನುವಾರ ಸಂಘದ ಊಟದಲ್ಲಿ ಧರಣೇಂದ್ರನ ಹೆಂಡತಿ ರಾಜಲಕ್ಷ್ಮಿ ನನ್ನ ಹೆಂಡತಿ ಮೋಹಿನಿಯ ಪಕ್ಕ ಬಂದು ಕೂತು, "ನಿಮ್ ಮಗಂಗೆ ಹೋಮ ಏನಾದ್ರೂ ಮಾಡಿಸ್ಬೋದಲ್ವಾ?" ಎಂದಳು. ಆಕರ್ಷ ಅಲ್ಲೇ ಎಲೆ ಹಾಕುತ್ತಿದ್ದ. ಅಂದು ಸಂಜೆಯ ರೈಲಿಗೇ ಕೊಚ್ಚಿಗೆ ಹೊರಟುಹೋದ. ನಾನು ತಂದ ಬಿಟ್ಟಿ ಮಾತ್ರೆ ಮೇಜಿನ ಮೇಲೆ ಉಳಿಯಿತು.

ಹದಿನೈದು ದಿನ ಅವನು ಫೋನ್ ಎತ್ತಲಿಲ್ಲ. ಆಮೇಲೆ ಫೋನ್ ಮಾಡಿದವನು ಅವನ ರೂಮಿನ ಗೆಳೆಯ ವಿನಯ್. ಆಕರ್ಷ ಮಾತ್ರೆ ಬಿಟ್ಟಿದ್ದಾನೆ, ಊಟ ಬಿಟ್ಟಿದ್ದಾನೆ, ಸಾಯುವ ಮಾತಾಡುತ್ತಿದ್ದಾನೆ, ಡಾಕ್ಟರ ಹತ್ತಿರ ಕರೆತಂದಿದ್ದೇನೆ, ಬನ್ನಿ ಎಂದ. ರೈಲಿನಲ್ಲಿ ಕೊಚ್ಚಿಯ ಎರ್ನಾಕುಳಂ ಸ್ಟೇಷನ್ ತನಕ ಅತ್ತೆ. ಎದುರಿಗೆ ಕೂತವರು ನೋಡುತ್ತಿದ್ದರೂ ಅತ್ತೆ.

ಡಾಕ್ಟರು ಹೊಸ ಮಾತ್ರೆಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಇದು ಇವನ ಬಳಿ ಇರಬಾರದು, ದಿನಾ ಬೆಳಗ್ಗೆ ನಂಬಿಕೆಯವರೊಬ್ಬರು ಕೈಯಾರೆ ಕೊಡಬೇಕು ಎಂದರು.

"ನಾನೇ ಇಲ್ಲಿರ್ತೀನಿ. ಒಂದು ತಿಂಗಳು ರಜ ಹಾಕ್ತೀನಿ," ಎಂದೆ.

ಆಕರ್ಷ ಆಗ ತಲೆಯೆತ್ತಿ ನನ್ನನ್ನು ನೋಡಿದ. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲೇ ಉತ್ತರ ಕೊಡುವ ಹುಡುಗ, ಅಂದು ಕನ್ನಡದಲ್ಲಿ ಕೇಳಿದ.

"ರಜ ಯಾಕೆ ಅಂತ ಏನು ಬರೀತೀರ ಅಪ್ಪ?"

ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು. "ನಿಂಗೆ ವೈರಲ್ ಜ್ವರ ಅಂತ ಬರೆದ್ರಾಯ್ತು ಬಿಡೋ."

ಅವನು ನನ್ನ ಕೈಯಿಂದ ಮಾತ್ರೆಪಟ್ಟಿಯನ್ನು ಬಿಡಿಸಿಕೊಂಡು ವಿನಯ್ ಕೈಗೆ ಕೊಟ್ಟ. ಸಿಟ್ಟು ಮಾಡುವ ಹಕ್ಕನ್ನು ನಾನೇ ಡಿಸ್ಪೆನ್ಸರಿಯ ಕೌಂಟರಿನಲ್ಲಿ ಕಳೆದುಕೊಂಡಿದ್ದೆ.

ವಿನಯ್ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತಿಂಡಿಯಾದ ಮೇಲೆ ಎಂಟಕ್ಕೆ ಕೊಡುತ್ತೇನೆ ಅಂಕಲ್ ಎಂದ. ಕೊಟ್ಟಮೇಲೆ ದಿನಾ ನನಗೊಂದು ಮೆಸೇಜ್ ಹಾಕುತ್ತೀಯೇನಪ್ಪ ಎಂದು ಕೇಳಿಕೊಂಡೆ. ಅವನು ಹಾಕಬಹುದೇ ಎಂದು ಆಕರ್ಷನ ಮುಖ ನೋಡಿದ. ನಾನೂ ನೋಡಿದೆ.