ಶಶಿಧರ್ ಬರೆದಿದ್ದ ಭಾಗ

ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪ್‌ಸೆಟ್ಟಿನ ಕಂಟ್ರೋಲ್ ಪೆಟ್ಟಿಗೆಗಳಿಗೆ ಪ್ರೋಗ್ರಾಂ ಬರೆಯುವುದು ಜಬೀನಳ ಕೆಲಸ. ಒಂಬತ್ತು ವರ್ಷದ ಹಿಂದೆ ಅವಳೂ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಶಶಿಧರನೂ ಸೇರಿ ‘ಜೋಡಣೆ’ ಎಂಬ ಸಾಫ್ಟ್‌ವೇರ್ ಮಾಡಿದ್ದರು. ಹತ್ತಾರು ಫೈಲುಗಳಲ್ಲಿ ಚದುರಿದ ಕೋಡನ್ನು ಕ್ರಮವಾಗಿ ಜೋಡಿಸಿ, ಯಂತ್ರಕ್ಕೆ ಹಾಕುವಂಥ ಒಂದೇ ಪ್ರೋಗ್ರಾಂ ಕಟ್ಟಿಕೊಡುತ್ತಿತ್ತು ಅದು. ಯಾರು ಬೇಕಾದರೂ ಬಳಸಲಿ ಎಂದು ಇಂಟರ್‌ನೆಟ್ಟಿಗೆ ಬಿಟ್ಟರು. ಬಳಸುವವರು ಹೆಚ್ಚಿದಂತೆ ಒಬ್ಬೊಬ್ಬರ ಯಂತ್ರಕ್ಕೆಂದು ಒಂದೊಂದು ಭಾಗ ಅದಕ್ಕೆ ಸೇರಿಕೊಂಡಿತು. ಬರಬರುತ್ತ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡತೊಡಗಿತು.

ಶಶಿಧರ್ ಕೆಲಸ ಬಿಟ್ಟು ಮಳವಳ್ಳಿಯಲ್ಲಿ ಪೈಪು, ನಲ್ಲಿಗಳ ಅಂಗಡಿ ಹಾಕಿದ. ಆಮೇಲೆ ಎರಡು ವರ್ಷ ಅವಳ ಒಂದು ಮೇಲ್‌ಗೂ ಉತ್ತರ ಬರೆಯಲಿಲ್ಲ. ಬಳಸುವವರ ದೂರುಗಳೆಲ್ಲ ಜಬೀನಳ ತಲೆಗೇ ಬಂದವು.

ಕೊನೆಗೆ ಅವಳು ‘ಜೋಡಣೆ’ಯನ್ನು ಬಿಡಿಬಿಡಿಯಾಗಿ ಒಡೆಯಲು ನಿರ್ಧರಿಸಿದಳು. ನಡುವೆ ಜೋಡಿಸುವ ಕೆಲಸ ಮಾತ್ರ ಉಳಿಯಬೇಕು. ಮಿಕ್ಕದ್ದೆಲ್ಲ ತಮ್ಮಷ್ಟಕ್ಕೆ ನಿಲ್ಲುವ ಬೇರೆ ಬೇರೆ ಮಾಡ್ಯೂಲುಗಳು, ಒಂದೊಂದಕ್ಕೂ ಒಬ್ಬೊಬ್ಬರು ಹೊಣೆ. ಏಳು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಉಳಿದದ್ದು ಶಶಿಧರ್ ಬರೆದಿದ್ದ ಭಾಗ. ಕಟ್ಟಿದ ಪ್ರೋಗ್ರಾಂ ಓಡುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದುದು ಅದೇ. ಹೇಳದೆ ಹೊರಗಿಟ್ಟರೆ ನೊಂದುಕೊಂಡಾನು ಎಂದು ಜಬೀನ್ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದಳು.

“ನೀವು ಬರೆದಿದ್ದ ಭಾಗಾನ ಬೇರೆ ಮಾಡ್ತಾ ಇದ್ದೀನಿ ಶಶಿಯಣ್ಣ. ಇನ್ಮೇಲೆ ನೀವೇ ನೋಡ್ಕೋಬೇಕು,” ಎಂದಳು ಅವನ ಅಂಗಡಿಯಲ್ಲಿ ನಿಂತು.

ಅವನು ಕೈಯಲ್ಲಿದ್ದ ನಲ್ಲಿಯನ್ನು ಡಬ್ಬಿಗೆ ಹಾಕಿದ.

“ನನ್ ಕೈಲಾಗಕಿಲ್ಲ ಕಣಮ್ಮ. ಅದ್ರಲ್ಲಿ ಏನ್ ಬರ್ದಿವ್ನಿ ಅಂತ ನಂಗೇ ಅರ್ಥ ಆಯ್ತಿಲ್ಲ. ನಿಂಗೆ ಎಂಗೆ ಏಳದು ಅಂತ ಸುಮ್ಕಿದ್ದೆ.”

ಅಹಂಕಾರದಿಂದ ಉತ್ತರಿಸುತ್ತಿಲ್ಲ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಬಸ್ಸಿನಲ್ಲಿ ಬರುವಾಗ ಅವನೊಂದಿಗೆ ಜಗಳಕ್ಕೂ ಸಿದ್ಧವಾಗಿದ್ದಳು. ಈಗ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ.

“ಒಂದು ಮಾತು ಹೇಳಿದ್ದಿದ್ರೆ ನಾನೊಬ್ಳೇ ಎರಡು ವರ್ಷ ಹೊತ್ಕೊಂಡು ತಿರುಗ್ತಿರ್ಲಿಲ್ಲ,” ಎಂದಳು.

ತಪ್ಪಾಯಿತು ಎಂದ ಅವನು. ಟೀ ತರಿಸಿದ. ನೆನಪಿಗೆ ಬಂದಷ್ಟನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಗೀಚಿ, ಎರಡು ಹಾಳೆ ಹರಿದು ಕೊಟ್ಟ. ಅರ್ಧಕ್ಕರ್ಧ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದವು.

ಹೊಸ ‘ಜೋಡಣೆ’ ಹೊರಬಂತು. ಶಶಿಧರನ ಭಾಗದ ಮುಂದೆ ‘ಇದನ್ನು ನೋಡಿಕೊಳ್ಳುವವರು ಸದ್ಯ ಯಾರೂ ಇಲ್ಲ’ ಎಂದು ಜಬೀನ್ ಬರೆದಳು. ಬೈಗುಳದ ಮೇಲ್‌ಗಳು ಬಂದವು. ಎಲ್ಲದಕ್ಕೂ ಅದೇ ಸಾಲನ್ನು ಉತ್ತರವಾಗಿ ಕಳಿಸಿದಳು. ನಾಲ್ಕನೇ ವಾರ, ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುವ ಕವಿತ ಎಂಬುವರು ಅದನ್ನು ತಾವು ವಹಿಸಿಕೊಳ್ಳುವುದಾಗಿ ಬರೆದರು. ಜಬೀನ್ ಆ ಹಾಳೆಗಳ ಫೋಟೊ ಮತ್ತು ಶಶಿಧರನ ಫೋನ್ ನಂಬರ್ ಕಳಿಸಿದಳು. ಅವರಿಬ್ಬರೂ ಮಾತಾಡಿಕೊಂಡರೋ ಇಲ್ಲವೋ ಅವಳು ಕೇಳಲಿಲ್ಲ.

ಮುಂದಿನ ತಿಂಗಳು, ಜೋಡಿಸುವ ಕೆಲಸ ಮಾಡುವ ನಡುವಿನ ಭಾಗದಲ್ಲೇ ಒಂದು ತಪ್ಪು ಸಿಕ್ಕಿತು. ಮೊದಲಾಗಿದ್ದರೆ ಸರಿಮಾಡಿ ಹೊರಬಿಡಲು ಮೂರು ವಾರ ಬೇಕಾಗುತ್ತಿತ್ತು. ಈಗ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಬೇರೆಲ್ಲೋ ಏನೋ ಕೆಟ್ಟಿತೆಂದು ಮೇಲ್ ಬರಬಹುದು ಎಂದು ಅವಳು ಕಾಯುತ್ತ ಕುಳಿತಳು. ಬರಲಿಲ್ಲ. ತಣ್ಣಗಾಗಿದ್ದ ಅನ್ನ ತಿಂದು ಕಾರ್ಖಾನೆಯ ಕೆಲಸ ತೆರೆದಳು.