ಹನ್ನೊಂದನೇ ಕೋಣೆಯ ಕುರ್ಚಿ

ಬಾಗಿಲ ಅಂಚು ಮತ್ತೆ ಕುರ್ಚಿಯ ಹಿಂಗಾಲಿಗೆ ತಾಗಿತು, ಟಕ್, ಬೆಳಗಿನಿಂದ ಎಷ್ಟನೆಯ ಸಲವೋ, ಅವಳು ಎದ್ದಳು, ಕುರ್ಚಿಯನ್ನು ಎತ್ತಿ ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಳು, ಸಿಸ್ಟರ್ ಒಳಗೆ ಬಂದರು, ಪಾಪ ನಿಮಗೆ ಏಳೋದೇ ಒಂದು ಕೆಲಸ ಆಯ್ತಲ್ಲಮ್ಮಾ, ಈ ರೂಮು ಮಾಡಿದ ಪುಣ್ಯಾತ್ಮರು ಒಂದಿನ ಇಲ್ಲಿ ಕೂತು ನೋಡಬೇಕಿತ್ತು — ಕೂತಿದ್ದೇನೆ, ಆರು ದಿನದಿಂದ ಕೂತೇ ಇದ್ದೇನೆ, ಎಂದು ಅವಳು ಹೇಳಲಿಲ್ಲ, ಹೇಳುವುದು ಹೇಗೆ, ಏಳು ವರ್ಷದ ಹಿಂದೆ ಆಸ್ಪತ್ರೆಯ ಈ ಮಹಡಿಯ ನಕ್ಷೆ ಬಿಡಿಸಿದ್ದು ಅವಳೇ, ಆಫೀಸಿನ ಯಜಮಾನರು ಬಂದು ಮೇಜಿನ ಮೇಲೆ ಬೆರಳು ಕುಟ್ಟಿ ಸಾಲಿಗೆ ಹತ್ತು ರೂಮು ಸಾಲಲ್ವಂತಮ್ಮ, ಹನ್ನೆರಡು ಬೇಕಂತೆ, ಎಲ್ಲಾದರೂ ಒತ್ತರಿಸು ಎಂದಿದ್ದರು, ಅವಳು ಒತ್ತರಿಸಿದಳು, ಮಂಚವನ್ನು ಗೋಡೆಯ ಕಡೆಗೆ ತಳ್ಳಿದಳು, ಹಾಸಿಗೆಯ ಬಟ್ಟೆ ಬದಲಿಸುವವರ ಕೈ ಹೋದರೆ ಸಾಕು, ಒಂದೂಕಾಲು ಅಡಿ, ಇನ್ನೊಂದು ಪಕ್ಕದಲ್ಲಿ ಬಾಗಿಲು ತೆರೆಯುವ ಕಾಲುವೃತ್ತದ ಗೆರೆಗೆ ತಾಗಿಯೂ ತಾಗದ ಹಾಗೆ ಒಂದು ಪುಟ್ಟ ಚೌಕ, ಅದೇ ಕುರ್ಚಿ, ಅಷ್ಟೇ, ನೋಡಲು ಬರುವವರಿಗೆ ಒಂದು ಚೌಕ, ಆಮೇಲೆ ಆ ಕೋಣೆಯನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಪಕ್ಕದ ಕೋಣೆ ಮಾಡಿದ್ದಳು, ಎರಡರ ಬಚ್ಚಲೂ ಬೆನ್ನಿಗೆ ಬೆನ್ನು, ಒಂದೇ ಪೈಪು, ಹೀಗೆ ಊಟದ ಹೊತ್ತಿಗೆ ಹನ್ನೆರಡೂ ಮುಗಿದಿದ್ದವು, ಎಷ್ಟು ಖುಷಿಯಾಗಿತ್ತು ಆ ದಿನ, ಡಬ್ಬಿಯ ಊಟ ಕೂಡ ರುಚಿಯಾಗಿತ್ತು.

ಸಿಸ್ಟರ್ ಹೊರಟರು, ಟಕ್, ಕುರ್ಚಿ ಕೆಳಗಿಳಿಯಿತು, ಅವಳು ಕೂತಳು, ಅಪ್ಪ ಮಲಗಿದ್ದಾರೆ, ಮುಖ ಗೋಡೆಯ ಕಡೆ, ಕುರ್ಚಿಗೆ ಕಾಣುವುದು ಒಂದು ಕೆನ್ನೆ, ಆಕ್ಸಿಜನ್ ಮಾಸ್ಕಿನ ಪಟ್ಟಿ, ಎಡಗಿವಿ, ಕಿವಿಯ ಮೇಲೆ ಐವತ್ತು ವರ್ಷ ಪೆನ್ಸಿಲು ಕೂತು ಕೂತು ಬಿದ್ದ ಸಣ್ಣ ತಗ್ಗು, ಟೈಲರ್ ಅಪ್ಪ, ಅಂಗಡಿಯಲ್ಲಿ ಗಿರಾಕಿಯ ಅಳತೆ ತೆಗೆದು ಬರೆದು ಪೆನ್ಸಿಲನ್ನು ಸರಕ್ಕನೆ ಅಲ್ಲಿ ಸಿಕ್ಕಿಸಿಬಿಡುತ್ತಿದ್ದರು, ನಾಲ್ಕು ಗಂಟೆಗೆ ಡಾಕ್ಟರು ಬರುತ್ತಾರೆ, ಈಗ ಮೂರೂ ನಲವತ್ತು, ಕರುಳಿನ ಆಪರೇಷನ್, ಮಾಡಿದರೆ ಅರ್ಧಕ್ಕರ್ಧ, ಮಾಡದಿದ್ದರೆ ಒಂದು ವಾರವೋ ಹತ್ತು ದಿನವೋ, ನೀವು ಮನೆಯವರು ಮಾತಾಡಿಕೊಂಡು ಹೇಳಿ, ಅವರಂತೂ ಏನು ಕೇಳಿದರೂ ಸ್ಪಂದಿಸುತ್ತಿಲ್ಲ, ಡಾಕ್ಟರು ನಿನ್ನೆ ಇಲ್ಲೇ ನಿಂತು ಹೇಳಿದ್ದರು, ಇಲ್ಲೇ, ಬೇರೆ ಎಲ್ಲಿ ನಿಲ್ಲಲು ಜಾಗವಿದೆ. ಅಣ್ಣ ಕಿಟಕಿಯ ಹತ್ತಿರ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದಾನೆ, ಲೇ ಸ್ಕೇಲು, ಅವನು ಅವಳನ್ನು ಕರೆಯುವುದೇ ಹಾಗೆ, ಬೇಡ ಅಂದುಬಿಡೋಣ ಕಣೇ, ಅವರಿಗೆ ಏನೂ ಗೊತ್ತಾಗ್ತಾ ಇಲ್ಲ, ಸುಮ್ಮನೆ ಯಾಕೆ ಕೊಯ್ಯಿಸಬೇಕು, ನಿನ್ನೆ ಅತ್ತೆ ಬಂದು ಅಷ್ಟು ಅತ್ತರೂ ತಿರುಗಿ ನೋಡಿದರಾ — ನೋಡಲಿಲ್ಲ, ಅತ್ತೆ ಈ ಕುರ್ಚಿಯ ತುದಿಯಲ್ಲಿ ಕೂತು, ಬಾಗಿಲು ತೆಗೆದಾಗಲೆಲ್ಲ ಎದ್ದು, ಮಧ್ಯೆ ಮಧ್ಯೆ ಅತ್ತು, ನಮ್ಮಣ್ಣನಿಗೆ ನನ್ನ ಮೇಲೆ ಇನ್ನೂ ಸಿಟ್ಟು ಎಂದು ಮೂಗು ಒರೆಸಿಕೊಳ್ಳುತ್ತಾ ಹೋಗಿದ್ದರು, ಈ ಕೋಣೆಯಲ್ಲಿ ಯಾರಿಗೂ ದನಿ ಎತ್ತಲು ಆಗುವುದಿಲ್ಲ, ಗೋಡೆಗಳು ಮೈಮೇಲೆ ಬಂದಂತಿರುತ್ತವೆ, ಎಲ್ಲರೂ ಪಿಸುಗುಡುತ್ತಾರೆ, ಅವಳೂ ಪಿಸುಗುಟ್ಟಿದ್ದಾಳೆ, ಮೂರನೆಯ ದಿನ ಯಾರೂ ಇಲ್ಲದಾಗ ಆ ಕಿವಿಗೆ ಬಗ್ಗಿ, ಅಪ್ಪಾ ಈ ರೂಮು ನಾನೇ ಮಾಡಿದ್ದು, ಬೈಬೇಡಿ, ಎಂದಿದ್ದಳು, ಅಪ್ಪ ಗೋಡೆಯ ಕಡೆಗೇ ತಿರುಗಿದ್ದರು, ಬೈಯಲೂ ಇಲ್ಲ, ನೀರು ತರುತ್ತೀನಿ ಇರು, ಎಂದಳು ಈಗ ಅಣ್ಣನಿಗೆ, ಬಾಟಲಿಯಲ್ಲಿ ಅರ್ಧ ನೀರಿತ್ತು.

ಕಾರಿಡಾರಿನ ನಲ್ಲಿಯ ಹತ್ತಿರ ನಿಂತು ಬಾಟಲಿ ತುಂಬಿ ಹರಿಯುವವರೆಗೂ ಅವಳಿಗೆ ಗೊತ್ತಾಗಲಿಲ್ಲ, ಬೇಡ ಅನ್ನಬೇಕು, ಬೇಕು ಅನ್ನಬೇಕು, ಬೇಕು ಅಂದು ಏನಾದರೂ ಆದರೆ, ಬೇಡ ಅಂದು ಏನಾದರೂ ಆದರೆ, ಅಮ್ಮ ಇದ್ದಿದ್ದರೆ ಅಪ್ಪನ ಮನಸ್ಸು ಮುಖ ನೋಡಿಯೇ ಹೇಳುತ್ತಿದ್ದಳು, ಒದ್ದೆ ಕೈಯಲ್ಲಿ ಬಾಗಿಲು ತಳ್ಳಿದಳು, ಸದ್ದಾಗಲಿಲ್ಲ, ಟಕ್ ಅನ್ನಲಿಲ್ಲ, ಅಯ್ಯೋ ಮಂಚ ಖಾಲಿ — ಆಮೇಲೆ ಕಂಡಿತು, ಹನ್ನೆರಡು, ಪಕ್ಕದ ಕೋಣೆ, ಬೆಳಿಗ್ಗೆ ಖಾಲಿಯಾಗಿತ್ತಲ್ಲ, ಒಂದೇ ಥರದ ಬಾಗಿಲು, ಒಂದೇ ಬಣ್ಣ, ಅವಳೇ ಬರೆದದ್ದು, ನೆಲ ಒರೆಸುವುದಕ್ಕೆಂದು ಯಾರೋ ಕುರ್ಚಿಯನ್ನು ತಲೆದಿಂಬಿನ ಹತ್ತಿರಕ್ಕೆ ಸರಿಸಿಟ್ಟಿದ್ದರು, ಎಲ್ಲ ಅದೇ, ಬರೀ ಮಗುಚಿದೆ, ಮಲಗಿದವರ ಎಡಕ್ಕೆ ಗೋಡೆ, ಬಲಕ್ಕೆ ಕುರ್ಚಿ, ಇದನ್ನೆಲ್ಲೋ ನೋಡಿದ್ದೇನೆ, ಎಲ್ಲೋ ಏನು, ಮನೆಯಲ್ಲೇ, ಅಪ್ಪನ ಮಂಚ ಹೀಗೇ, ಎಡಕ್ಕೆ ಗೋಡೆ, ಅಂಗಡಿಯಲ್ಲಿ ಹೊಲಿಗೆ ಮಷೀನೂ ಹೀಗೇ, ಎಡಕ್ಕೆ ಗೋಡೆ, ಗಿರಾಕಿಗಳು ಬಂದರೆ ಬಲಕ್ಕೇ ನಿಲ್ಲಬೇಕು, ಬೆಳಕು ಬರೋ ಕಡೆಗೆ ಬೆನ್ನು ಹಾಕ್ಕೊಂಡು ಕೂರ್ತಾನಲ್ಲ ಈ ಮಹಾರಾಯ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು, ಊಟಕ್ಕೆ ಕೂತರೆ ಎಡತುದಿ, ಎಲ್ಲರೂ ಬಲಕ್ಕೆ, ರಸ್ತೆಯಲ್ಲಿ ನಡೆಯುವಾಗ ಅವಳು ಎಡಕ್ಕೆ ಹೋದರೆ ಹೆಗಲು ಹಿಡಿದು ಬಲಕ್ಕೆ ತರುತ್ತಿದ್ದರು, ಗಾಡಿ ಬರ್ತವೆ ಮಗಾ ಎಂದು, ಗಾಡಿ ಬರುತ್ತಿದ್ದದ್ದು ಆ ಬಲಗಡೆಯಿಂದಲೇ — ಎಂಟು ವರ್ಷದವಳಿದ್ದಾಗ ಕೇಳಿದ್ದಳು, ಅಪ್ಪಾ ಪೆನ್ಸಿಲು ಯಾವಾಗಲೂ ಆ ಕಿವಿಗೇ ಯಾಕೆ, ಅಪ್ಪ ದಾರ ಕಚ್ಚಿ ತುಂಡುಮಾಡಿ, ಆ ಕಿವಿಗೆ ಬೇರೇನು ಕೆಲಸ ಮಗಾ, ಎಂದಿದ್ದರು, ಅವಳು ನಕ್ಕಿದ್ದಳು, ಅಣ್ಣನೂ ನಕ್ಕಿದ್ದ, ಅಮ್ಮ ನಕ್ಕಿರಲಿಲ್ಲ, ಈಗ ನೆನಪಾಗುತ್ತಿದೆ, ಅಮ್ಮ ನಕ್ಕಿರಲಿಲ್ಲ, ಮನೆಗೆ ಯಾರು ಬಂದರೂ ಈ ಕಡೆ ಬನ್ನಿ, ಇಲ್ಲಿ ಗಾಳಿ ಬರುತ್ತೆ, ಎಂದು ಸುತ್ತಿಸಿ ಕೂರಿಸುತ್ತಿದ್ದಳು, ಎಲ್ಲಿತ್ತು ಅಲ್ಲಿ ಗಾಳಿ. ಇಷ್ಟು ವರ್ಷ ಊರವರ ಮನೆಗೆಲ್ಲ ಇಂಚಿಂಚು ಲೆಕ್ಕ ಹಾಕಿ ಕುರ್ಚಿ ಮಂಚ ಜೋಡಿಸಿದವಳು, ತನ್ನ ಅಪ್ಪ ಒಂದು ಮನೆಯನ್ನೇ ಒಂದು ಕಿವಿಯ ಸುತ್ತ ಜೋಡಿಸಿಕೊಂಡಿದ್ದು ಅವಳ ಕಣ್ಣಿಗೆ ಬೀಳಲಿಲ್ಲ.

ಓಡಿದಳು, ನಾಲ್ಕೇ ಹೆಜ್ಜೆ, ಟಕ್, ಡಾಕ್ಟರು ಆಗಲೇ ಬಂದಿದ್ದಾರೆ, ಕುರ್ಚಿ ಈಗ ಅಣ್ಣನ ಕೈಯಲ್ಲಿದೆ, ಅಣ್ಣ ಹೇಳುತ್ತಿದ್ದಾನೆ, ಸರ್, ನಾವು ಯೋಚನೆ ಮಾಡಿದ್ವಿ, ಬೇಡ ಅಂತ — ಇರೋ ಅಣ್ಣಾ, ಅವರನ್ನ ಕೇಳಿಲ್ಲ ನಾವು, ಆರು ದಿನದಿಂದ ಯಾರೂ ಕೇಳಿಲ್ಲ, ಏನೇ ನಿಂದು, ಎಷ್ಟು ಸಲ ಕೇಳಿಲ್ಲ, ಅಪ್ಪನಿಗೆ ಎಡಗಿವಿ ಕೇಳಲ್ಲ ಕಣೋ, ಹುಟ್ಟಾ ಕೇಳಲ್ವೋ ಏನೋ, ಕೇಳಲ್ಲ, ಡಾಕ್ಟರು ಕನ್ನಡಕ ಮೇಲೇರಿಸಿದರು, ಮಂಚ ಸ್ವಲ್ಪ ಎಳೀಬಹುದಾ ಸರ್, ಎಳೆಯೋ ಹಾಗಿಲ್ಲಮ್ಮ, ಗೋಡೆಯ ಆಕ್ಸಿಜನ್ ಪೈಪು ಅಷ್ಟು ಉದ್ದ ಇಲ್ಲ, ಗೊತ್ತು, ಅದನ್ನೂ ಅವಳೇ ಅಳೆದದ್ದು, ಈ ಕಡೆಯಿಂದ ಬಗ್ಗಿದರೆ ಎದೆಯ ತುಂಬ ವೈರು, ಅವಳು ಚಪ್ಪಲಿ ಬಿಟ್ಟಳು, ಮಂಚದ ಕಾಲ್ದೆಸೆ ಸುತ್ತಿ ಅಡ್ಡಡ್ಡ ನುಸುಳಿದಳು, ಒಂದೂಕಾಲು ಅಡಿ, ಬೆನ್ನಿಗೆ ಗೋಡೆ ತಣ್ಣಗೆ, ಸೊಂಟಕ್ಕೆ ಮಂಚದ ಕಬ್ಬಿಣ, ಉಸಿರು ಪೂರ್ತಿ ಬಿಟ್ಟರೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಏ ಸ್ಕೇಲು ಸಿಕ್ಕಿಹಾಕಿಕೊಳ್ತೀಯಾ, ಅಣ್ಣನ ದನಿ, ಇಲ್ಲಿಂದ ಅಪ್ಪನ ಪೂರ್ತಿ ಮುಖ ಕಾಣುತ್ತದೆ, ಕಣ್ಣು ತೆರೆದೇ ಇದೆ, ಆರು ದಿನ ಇಲ್ಲಿ ಇವರು ಕಣ್ಣು ತೆರೆದೇ ಇದ್ದರಾ, ಮೊಣಕಾಲು ಮಡಚಲು ಜಾಗವಿಲ್ಲ, ತಲೆಯೊಂದನ್ನೇ ತಗ್ಗಿಸಿ, ದಿಂಬಿಗೆ ಅರ್ಧ ಒತ್ತಿದ್ದ ಬಲಗಿವಿಗೆ, ಅಪ್ಪಾ.

ಕಣ್ಣು ಅವಳ ಮೇಲೆ ನಿಂತಿತು. ಮಾಸ್ಕಿನ ಒಳಗೆ ತುಟಿ ಅಲ್ಲಾಡಿತು, ಈಗ ಬಂದ್ಯಾ ಮಗಾ, ಎಲ್ಲರೂ ಬರ್ತಾರೆ, ಯಾರೂ ಮಾತೇ ಆಡಲ್ಲ, ಹಾಗೇ ಹೋಗ್ತಾರೆ, ನಾನು ಅಷ್ಟು ಕೆಟ್ಟಿದ್ದೀನಾ — ಇಲ್ಲಪ್ಪಾ, ಇಲ್ಲ, ಆಪರೇಷನ್ ಮಾಡ್ತಾರಂತೆ, ಗ್ಯಾರಂಟಿ ಇಲ್ಲ, ಅರ್ಧಕ್ಕರ್ಧ, ಮಾಡಿಸೋಣ್ವಾ, ಅಪ್ಪ ಕೇಳಿದರು, ಎಷ್ಟುದ್ದ ಕತ್ತರಿಸ್ತಾರೆ, ಅವಳು ಕೈ ಮೇಲೆತ್ತಲಾರದೆ ಬೆರಳಷ್ಟೇ ಅಗಲಿಸಿ ಒಂದು ಗೇಣು ತೋರಿಸಿದಳು, ಅಪ್ಪ ಅದನ್ನು ಕಣ್ಣಲ್ಲೇ ಅಳೆದರು, ಹೊಲಿಯೋಕೆ ಬರುತ್ತಲ್ಲ ಅವರಿಗೆ, ಬರುತ್ತಪ್ಪಾ, ಹಾಗಿದ್ರೆ ಮಾಡ್ಲಿ. ಅಣ್ಣನ ಕೈಯಿಂದ ಕುರ್ಚಿ ಜಾರಿ ನೆಲಕ್ಕೆ ತಾಗಿತು, ಡಾಕ್ಟರು ಏನೋ ಬರೆದುಕೊಂಡರು, ಸರಿಯಮ್ಮ ನೀವು ಈ ಕಡೆ ಬನ್ನಿ, ಬರಬೇಕು, ಉಸಿರು ಬಿಡಬೇಕು, ಅಡ್ಡಡ್ಡ ಸರಿಯಬೇಕು, ಆದರೆ ಇನ್ನೂ ಇದೆಯಲ್ಲ, ಆರು ದಿನದ್ದು, ಅತ್ತೆ ಅತ್ತದ್ದು, ಅಣ್ಣ ಬೇಡ ಅಂದದ್ದು, ತಾನು ಬೈಬೇಡಿ ಅಂದದ್ದು, ಎಲ್ಲ ಆ ಕಡೆಯ ಕಿವಿಯಲ್ಲೇ ಉಳಿದಿದೆ, ಅಪ್ಪನ ಹಣೆಯಾಚೆ ಅದರ ಅಂಚು ಮಾತ್ರ ಕಾಣುತ್ತದೆ, ಆಪರೇಷನ್ ಅರ್ಧಕ್ಕರ್ಧ, ಎಲ್ಲಿಂದ ಶುರು ಮಾಡಲಿ, ಎಷ್ಟು ಹೊತ್ತು ಸಿಗುತ್ತದೆ, ಆ ಕಿವಿ, ಕಿವಿಯ ಮೇಲಿನ ಸಣ್ಣ ತಗ್ಗು, ಅಲ್ಲಿ ಪೆನ್ಸಿಲು, ಅಪ್ಪ ದಾರ ಕಚ್ಚಿ ತುಂಡುಮಾಡುತ್ತಾರೆ, ಅವಳು ನಗುತ್ತಾಳೆ, ಪೆನ್ಸಿಲು, ಆ ಕಿವಿಯ ಮೇಲೆ ಪೆನ್ಸಿಲು —